ಕೊಳವೆಯ ನಂಟು, ಹಡಗಿನ ನಂಟು

ಅಡುಗೆಮನೆಯ ಒಗಟು

ಗ್ಯಾಸ್ ಸಿಲಿಂಡರನ್ನು ಸ್ವಲ್ಪ ಓರೆ ಮಾಡಿ ಅಲ್ಲಾಡಿಸಿದರೆ ಒಳಗೆ ಏನೋ ಕುಲುಕಿದಂತಾಗುತ್ತದೆ. ಹೆಸರಿಗೆ ಅನಿಲವಾದರೂ ಸಿಲಿಂಡರಿನ ಒಳಗಿರುವುದು ದ್ರವ. ಬೆಂಗಳೂರು, ಮಂಗಳೂರಿನಂಥ ಊರುಗಳ ಹಲವು ಮನೆಗಳಿಗೆ ಈಗ ಕೊಳವೆಯಲ್ಲೇ ಗ್ಯಾಸ್ ಬರುತ್ತದೆ. ಒಲೆಯ ಮೇಲೆ ಎರಡೂ ಉರಿಯುವುದು ಒಂದೇ ನೀಲಿ ಜ್ವಾಲೆಯಾಗಿ. ಆದರೂ ಕೊಳವೆಯ ಗ್ಯಾಸನ್ನು ಸಿಲಿಂಡರಿಗೆ ತುಂಬಿ ಯಾರೂ ಮನೆಮನೆಗೆ ಹೊತ್ತು ತರುವುದಿಲ್ಲ. ಏಕೆ?

ಸಿಲಿಂಡರಿನಲ್ಲಿರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್. ಸಾಧಾರಣ ಬಿಸಿಲಿನಲ್ಲೂ ಇವನ್ನು ಅಷ್ಟಿಷ್ಟು ಒತ್ತಿದರೆ ಸಾಕು, ದ್ರವವಾಗಿ ಬಿಡುತ್ತವೆ. ಹೀಗಾಗಿ ಮೊಣಕಾಲೆತ್ತರದ ಒಂದು ಉಕ್ಕಿನ ಪಾತ್ರೆ 14.2 ಕಿಲೊ ಇಂಧನವನ್ನು ಹಿಡಿಯುತ್ತದೆ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಬಹುಪಾಲು ಮೀಥೇನ್. ಅದರ ಸ್ವಭಾವವೇ ಬೇರೆ. ಸೊನ್ನೆಗಿಂತ 82 ಡಿಗ್ರಿ ಕೆಳಗೆ ಇಳಿಯುವ ತನಕ ಎಷ್ಟೇ ಒತ್ತಿದರೂ ಅದು ದ್ರವವಾಗದು. ಆಟೊಗಳ ಸಿಎನ್‌ಜಿ ತೊಟ್ಟಿಯಲ್ಲಿ ವಾತಾವರಣದ 200 ಪಟ್ಟು ಒತ್ತಡವಿದ್ದರೂ ಒಳಗಿರುವುದು ಅನಿಲವೇ. ಅಡುಗೆಮನೆಯ ಸಿಲಿಂಡರಿಗೆ ಅದರ ಮಾಮೂಲಿ ಒತ್ತಡದಲ್ಲಿ ಮೀಥೇನ್ ತುಂಬಿದರೆ ಹಿಡಿಯುವುದು ಕಾಲು ಕಿಲೊಗಿಂತಲೂ ಕಡಿಮೆ. ಒಂದು ದಿನದ ಅಡುಗೆಗೂ ಅದು ಸಾಲದು.

ಮೀಥೇನಿನ ಈ ಒಂದು ಹಟದಿಂದ ದೇಶಗಳ ನಡುವಿನ ಎಷ್ಟೋ ಸ್ನೇಹಗಳು, ಜಗಳಗಳು, ಒಪ್ಪಂದಗಳು ಹುಟ್ಟಿವೆ. ಕಲ್ಲಿದ್ದಲನ್ನು ಗೋಣಿಗೆ ತುಂಬಬಹುದು, ತೈಲವನ್ನು ಪೀಪಾಯಿಗೆ ಸುರಿಯಬಹುದು. ಮೀಥೇನಿಗೆ ಮಾತ್ರ ಹುಟ್ಟಿದ ಜಾಗದಿಂದ ಉರಿಯುವ ಜಾಗದವರೆಗೂ ಮುಚ್ಚಿದ ದಾರಿಯೇ ಬೇಕು. ಆ ದಾರಿ ಯಾರ ಕೈಯಲ್ಲಿದೆ, ಅಂಥ ದಾರಿಗಳು ಎಷ್ಟಿವೆ, ನಡುವೆ ತಂಗಲು ಜಾಗ ಎಲ್ಲಿದೆ ಎಂಬುದರ ಮೇಲೆ ಒಂದು ದೇಶದ ಇಂಧನ ಭದ್ರತೆ ನಿಂತಿದೆ. ಇದನ್ನು ಅರಿಯಲು ಯುರೋಪಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಕೊಳವೆ ಹಾಕುವ ಗಂಟು

ದೂರದ ಕೊಳವೆಯಲ್ಲಿ ಅನಿಲ ತಾನಾಗಿ ಓಡುವುದಿಲ್ಲ. ಗೋಡೆಗೆ ಉಜ್ಜಿ ಉಜ್ಜಿ ಅದರ ಒತ್ತಡ ಕುಸಿಯುತ್ತದೆ. ಆದ್ದರಿಂದ ನೂರು, ನೂರೈವತ್ತು ಕಿಲೊಮೀಟರಿಗೊಂದು ಕಡೆ ದೈತ್ಯ ಕಂಪ್ರೆಸರ್‌ಗಳು ನಿಂತು ಅದನ್ನು ಮತ್ತೆ ಒತ್ತಿ ಮುಂದಕ್ಕೆ ದೂಡುತ್ತವೆ. ಆಗಲೂ ಅನಿಲ ಸಾಗುವುದು ಹೆಚ್ಚುಕಡಿಮೆ ಹಳ್ಳಿ ಬಸ್ಸಿನ ವೇಗದಲ್ಲಿ. ಸೈಬೀರಿಯಾದ ಉರೆಂಗೊಯ್ ಬಾವಿಗಳಿಂದ ಉಕ್ರೇನಿನ ಪಶ್ಚಿಮ ಗಡಿಯ ಉಜ್‌ಹೊರೊದ್‌ಗೆ ಸುಮಾರು 4,500 ಕಿಲೊಮೀಟರ್ ದೂರ. ಇಷ್ಟು ಉದ್ದದ ಉಕ್ಕಿನ ನಾಳ, ಇಷ್ಟೊಂದು ಯಂತ್ರಗಳಿಗೆ ಸುರಿಯುವ ಹಣ ಹಿಂತಿರುಗಲು ದಶಕಗಳೇ ಬೇಕು.

ಹೀಗಾಗಿ ಕೊಳವೆಯ ವ್ಯಾಪಾರ ಸಂತೆಯ ವ್ಯಾಪಾರದಂತಲ್ಲ, ಬೀಗತನದಂತೆ. ಮಾರುವವನಿಗೆ ಆ ನಾಳದ ತುದಿಯಲ್ಲಿರುವವನ ಹೊರತು ಬೇರೆ ಗಿರಾಕಿಯಿಲ್ಲ, ಕೊಳ್ಳುವವನಿಗೆ ಬೇರೆ ಅಂಗಡಿಯಿಲ್ಲ. ಒಪ್ಪಂದಗಳು 20, 25 ವರ್ಷಗಳವು. ಕೊಳ್ಳುವವನು ಅನಿಲ ತೆಗೆದುಕೊಂಡರೂ ಬಿಟ್ಟರೂ ನಿಗದಿಯಾದಷ್ಟಕ್ಕೆ ಹಣ ಕಟ್ಟಬೇಕೆಂಬ ಷರತ್ತು ಅವುಗಳಲ್ಲಿ ಸಾಮಾನ್ಯ. ಅಷ್ಟು ಖಾತರಿ ಇಲ್ಲದಿದ್ದರೆ ಯಾವ ಬ್ಯಾಂಕೂ ಸಾಲ ಕೊಡದು.

1959ರಲ್ಲಿ ನೆದರ್‌ಲೆಂಡ್ಸ್‌ನ ಗ್ರೋನಿಂಗೆನ್ ಪ್ರಾಂತದ ಹೊಲಗಳ ಅಡಿಯಲ್ಲಿ ಬೃಹತ್ ಅನಿಲ ನಿಕ್ಷೇಪ ಸಿಕ್ಕಾಗ ಪಶ್ಚಿಮ ಯುರೋಪಿನ ಮನೆಗಳಿಗೆ ಕೊಳವೆಗಳ ಜಾಲ ಹರಡಿತು. 1970ರಲ್ಲಿ ಪಶ್ಚಿಮ ಜರ್ಮನಿ ಮತ್ತು ಸೋವಿಯತ್ ಒಕ್ಕೂಟ ಒಂದು ಅಪರೂಪದ ವಿನಿಮಯಕ್ಕೆ ಸಹಿ ಹಾಕಿದವು. ಜರ್ಮನಿ ದಪ್ಪನೆಯ ಉಕ್ಕಿನ ಕೊಳವೆಗಳನ್ನು ಕೊಡುವುದು, ಸೋವಿಯತ್ ಒಕ್ಕೂಟ ಅದೇ ಕೊಳವೆಗಳಲ್ಲಿ ಅನಿಲ ಕಳುಹಿಸಿ ಸಾಲ ತೀರಿಸುವುದು. 1973ರಲ್ಲಿ ಅನಿಲ ಹರಿಯತೊಡಗಿತು.

ಮಿತ್ರರ ನಡುವೆಯೇ ಇದು ಬಿರುಕು ತಂದಿತು. 1982ರಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಉರೆಂಗೊಯ್ ಕೊಳವೆಯ ಕೆಲಸವನ್ನು ತಡೆಯಲು, ಅಮೆರಿಕದ ತಂತ್ರಜ್ಞಾನ ಬಳಸಿ ಯಂತ್ರ ಮಾಡುತ್ತಿದ್ದ ಯುರೋಪಿನ ಕಂಪನಿಗಳ ಮೇಲೂ ನಿರ್ಬಂಧ ಹೇರಿದರು. ಎದುರಾಳಿಯ ಕೈಗೆ ನಲ್ಲಿಯನ್ನು ಕೊಡಬೇಡಿ ಎಂಬುದು ಅಮೆರಿಕದ ವಾದ. ಮಾರುವವನಿಗೂ ಹಣ ಬೇಕಲ್ಲವೇ, ಅವನೇಕೆ ನಲ್ಲಿ ಮುಚ್ಚುತ್ತಾನೆ ಎಂಬುದು ಯುರೋಪಿನ ಮರುವಾದ. ರೇಗನ್ನರ ಆಪ್ತ ಮಿತ್ರೆಯಾಗಿದ್ದ ಬ್ರಿಟನ್ನಿನ ಮಾರ್ಗರೆಟ್ ಥ್ಯಾಚರ್ ಕೂಡ ನಿರ್ಬಂಧವನ್ನು ವಿರೋಧಿಸಿದರು. ಅದೇ ನವೆಂಬರಿನಲ್ಲಿ ಅಮೆರಿಕ ಹಿಂದೆ ಸರಿಯಿತು. ಎರಡೂ ಮಾತಿನಲ್ಲಿ ಸತ್ಯವಿತ್ತು. ಯುರೋಪಿನ ಮಾತು ದಶಕಗಳ ಕಾಲ ನಿಜವಾಗಿಯೇ ನಡೆಯಿತು. ಅಮೆರಿಕದ ಭಯ ನಿಜವಾಗಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಒಮ್ಮುಖ ದಾರಿಯ ಜನವರಿ

2009ರ ಜನವರಿ ಮೊದಲ ವಾರ. ಬೆಲೆ ಮತ್ತು ಬಾಕಿ ಹಣದ ವಿಷಯದಲ್ಲಿ ರಷ್ಯಾ ಮತ್ತು ಉಕ್ರೇನ್ ನಡುವೆ ಮಾತುಕತೆ ಮುರಿದುಬಿತ್ತು. ಉಕ್ರೇನ್ ಮೂಲಕ ಯುರೋಪಿಗೆ ಹೋಗುತ್ತಿದ್ದ ಅನಿಲ ಸುಮಾರು ಎರಡು ವಾರ ನಿಂತೇ ಹೋಯಿತು. ಕೊರೆಯುವ ಚಳಿಯಲ್ಲಿ ಬಲ್ಗೇರಿಯಾದ ಮನೆಗಳು ತಣ್ಣಗಾದವು. ಸ್ಲೊವಾಕಿಯಾ ತುರ್ತು ಪರಿಸ್ಥಿತಿ ಘೋಷಿಸಿತು.

ವಿಚಿತ್ರವೆಂದರೆ, ಅದೇ ಹೊತ್ತಿಗೆ ಪಶ್ಚಿಮ ಯುರೋಪಿನ ಉಗ್ರಾಣಗಳಲ್ಲಿ ಅನಿಲವಿತ್ತು. ಜರ್ಮನಿಯಿಂದ ಸ್ಲೊವಾಕಿಯಾಗೆ ಕೊಳವೆಯ ಸಂಪರ್ಕವೂ ಇತ್ತು. ಕೊಡುವ ಮನಸ್ಸೂ ಇದ್ದಿರಬಹುದು. ಆದರೆ ಕಳುಹಿಸುವುದು ಹೇಗೆ? ಆ ಕೊಳವೆಗಳನ್ನು ಕಟ್ಟಿದ್ದು ಪೂರ್ವದಿಂದ ಪಶ್ಚಿಮಕ್ಕೆ ಅನಿಲ ತರಲು. ಕಂಪ್ರೆಸರ್‌ಗಳು ಒಂದೇ ದಿಕ್ಕಿಗೆ ದೂಡುತ್ತಿದ್ದವು. ಕವಾಟಗಳು, ಅಳತೆಯ ಮೀಟರುಗಳು ಎಲ್ಲವೂ ಒಂದೇ ಕಡೆಗೆ ಮುಖ ಮಾಡಿದ್ದವು.

ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು ಬರುತ್ತದೆ. ಮೇಲಿನ ಕೆರೆ ಒಣಗಿದಾಗ ಕೆಳಗಿನ ಕೆರೆಯಲ್ಲಿ ನೀರಿದ್ದರೂ ಅದು ತಾನಾಗಿ ಮೇಲೇರದು. ನೀರಿಗೆ ಎತ್ತರ ಹೇಗೋ ಅನಿಲಕ್ಕೆ ಒತ್ತಡ ಹಾಗೆ. ಹೆಚ್ಚಿನ ಒತ್ತಡವಿದ್ದಲ್ಲಿಂದ ಕಡಿಮೆ ಒತ್ತಡವಿದ್ದಲ್ಲಿಗೆ ಮಾತ್ರ ಅದು ಹರಿಯುತ್ತದೆ. ಹರಿವನ್ನು ತಿರುಗಿಸಬೇಕಾದರೆ ಒತ್ತುವ ಯಂತ್ರ ಆ ತುದಿಯಲ್ಲಿರಬೇಕು, ಕವಾಟಗಳು ಎರಡೂ ಕಡೆಗೆ ತೆರೆಯಬೇಕು. ಬಿಕ್ಕಟ್ಟಿನ ಕೊನೆಯ ದಿನಗಳಲ್ಲಿ ಜೆಕ್ ಗಣರಾಜ್ಯದ ಜಾಲವನ್ನು ಹೇಗೋ ತಿರುಗಿಸಿ ಸ್ಲೊವಾಕಿಯಾಗೆ ಸ್ವಲ್ಪ ಅನಿಲ ತಲುಪಿಸಲಾಯಿತು. ಆ ಹೊತ್ತಿಗೆ ಜನ ಚಳಿಯಲ್ಲಿ ನಡುಗಿಯಾಗಿತ್ತು.

ಮರುವರ್ಷವೇ, 2010ರಲ್ಲಿ, ಯುರೋಪಿಯನ್ ಒಕ್ಕೂಟ ಎರಡು ನಿಯಮಗಳನ್ನು ತಂದಿತು. ಮೊದಲನೆಯದು ಹಿಮ್ಮುಖ ಹರಿವು: ದೇಶದಿಂದ ದೇಶಕ್ಕೆ ಹೋಗುವ ಕೊಳವೆಗಳಲ್ಲಿ ಅನಿಲ ಎರಡೂ ದಿಕ್ಕಿಗೆ ಹರಿಯುವಂತಿರಬೇಕು. ಎರಡನೆಯದು ‘ಒಂದು ಕಳೆದರೆ’ ಎಂಬ ಲೆಕ್ಕ: ದೇಶಕ್ಕೆ ಅನಿಲ ತರುವ ಅತಿ ದೊಡ್ಡ ದಾರಿ ಒಂದು ದಿನ ಮುಚ್ಚಿದರೂ, ಇಪ್ಪತ್ತು ವರ್ಷಕ್ಕೊಮ್ಮೆ ಬೀಳುವಂಥ ಚಳಿಯ ದಿನದ ಬೇಡಿಕೆಯನ್ನು ಉಳಿದ ದಾರಿಗಳು ಪೂರೈಸಬೇಕು. ಒಂದು ಕಂಬ ಕಳಚಿದರೂ ತೊಲೆ ಬೀಳದಂತೆ ಮನೆ ಕಟ್ಟುವ ಬುದ್ಧಿ ಇದು. ಇದರ ಫಲ ಬೇಗನೆ ಕಂಡಿತು. 2014ರ ಸೆಪ್ಟೆಂಬರಿನಲ್ಲಿ ಸ್ಲೊವಾಕಿಯಾದಿಂದ ಉಕ್ರೇನಿಗೆ ಹಿಮ್ಮುಖವಾಗಿ ಅನಿಲ ಹರಿಯಿತು. 2015ರ ನವೆಂಬರಿನಿಂದ ಉಕ್ರೇನ್ ರಷ್ಯಾದಿಂದ ನೇರವಾಗಿ ಅನಿಲ ಕೊಳ್ಳುವುದನ್ನೇ ನಿಲ್ಲಿಸಿತು.

ಆರುನೂರು ಪಟ್ಟು ಕುಗ್ಗಿಸುವ ಚಳಿ

ಕೊಳವೆಯ ಗಂಟನ್ನು ಬಿಡಿಸಲು ಇನ್ನೊಂದು ಉಪಾಯವಿದೆ. ಒತ್ತಿದರೆ ಮಣಿಯದ ಮೀಥೇನ್ ಚಳಿಗೆ ಮಣಿಯುತ್ತದೆ. ಸೊನ್ನೆಗಿಂತ 162 ಡಿಗ್ರಿ ಕೆಳಗೆ ತಣಿಸಿದರೆ ಒತ್ತಡದ ಅಗತ್ಯವೇ ಇಲ್ಲದೆ ಅದು ನೀರಿನಂತೆ ತಿಳಿಯಾದ ದ್ರವವಾಗುತ್ತದೆ, ಗಾತ್ರ ಸುಮಾರು 600ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಂದು ಕೋಣೆ ತುಂಬುವ ಅನಿಲ ಕೆಲವು ಕೊಡಗಳಲ್ಲಿ ಹಿಡಿಯುತ್ತದೆ. ಈ ಶೀತದ್ರವವನ್ನೇ ವ್ಯಾಪಾರದಲ್ಲಿ ಎಲ್‌ಎನ್‌ಜಿ ಎನ್ನುವುದು.

ತಣಿಸುವ ಮೊದಲು ಅನಿಲವನ್ನು ಚೆನ್ನಾಗಿ ಶುದ್ಧ ಮಾಡಬೇಕು. ಅದರಲ್ಲಿ ನೀರಿನ ಹಬೆ, ಇಂಗಾಲದ ಡೈಆಕ್ಸೈಡ್ ಉಳಿದಿದ್ದರೆ ಆ ಚಳಿಯಲ್ಲಿ ಹೆಪ್ಪುಗಟ್ಟಿ ನಾಳಗಳನ್ನು ಮುಚ್ಚಿಬಿಡುತ್ತವೆ. ಆಮೇಲೆ ಫ್ರಿಜ್ಜಿನ ತತ್ವದಲ್ಲೇ ಕೆಲಸ ಮಾಡುವ, ಆದರೆ ಕಾರ್ಖಾನೆಯಷ್ಟು ದೊಡ್ಡದಾದ ಯಂತ್ರಗಳು ಅದನ್ನು ಹಂತಹಂತವಾಗಿ ತಣಿಸುತ್ತವೆ. ಸಾಮಾನ್ಯ ಉಕ್ಕು ಈ ಚಳಿಗೆ ಗಾಜಿನಂತೆ ಬಿರುಕು ಬಿಡುತ್ತದೆ. ಆದ್ದರಿಂದ ಹಡಗಿನ ತೊಟ್ಟಿಯ ಒಳಮೈಗೆ ನಿಕಲ್ ಬೆರೆತ ವಿಶೇಷ ಲೋಹದ ಅಥವಾ ತುಕ್ಕು ಹಿಡಿಯದ ಉಕ್ಕಿನ ತೆಳುಹಾಳೆ ಹೊದಿಸುತ್ತಾರೆ. ಒಂದು ಬಗೆಯ ತೊಟ್ಟಿಯಲ್ಲಿ ಆ ಹಾಳೆಯ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಭಾರ ಹೊರುವುದು ಅದರ ಹಿಂದಿನ ದಪ್ಪನೆಯ ಶಾಖನಿರೋಧಕ ಪದರ ಮತ್ತು ಹಡಗಿನ ಒಡಲು.

ಹಡಗಿನಲ್ಲಿ ಈ ದ್ರವವನ್ನು ತಣ್ಣಗಿಡಲು ಫ್ರಿಜ್ಜು ಬೇಕೇ ಬೇಕೆಂದಿಲ್ಲ. ಮಣ್ಣಿನ ಹೂಜಿಯಲ್ಲಿ ನೀರು ತಂಪಾಗಿರುವ ಗುಟ್ಟೇ ಇಲ್ಲಿಯೂ ಇದೆ. ಹೂಜಿಯ ಮೈಯಿಂದ ಒಸರುವ ಸ್ವಲ್ಪ ನೀರು ಆವಿಯಾಗುತ್ತಾ ಉಳಿದ ನೀರಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಹಡಗಿನ ತೊಟ್ಟಿಯಲ್ಲೂ ದಿನಕ್ಕೆ ಸಾವಿರದಲ್ಲಿ ಒಂದು ಪಾಲಿನಷ್ಟು ದ್ರವ ಕುದಿದು ಅನಿಲವಾಗುತ್ತದೆ, ಉಳಿದದ್ದು ಅದರಿಂದ ತಣ್ಣಗಿರುತ್ತದೆ. ಆವಿಯಾದ ಪಾಲೂ ನಷ್ಟವಾಗುವುದಿಲ್ಲ. ಹಡಗಿನ ಎಂಜಿನ್ ಅದನ್ನೇ ಉರಿಸಿ ಮುಂದೆ ಸಾಗುತ್ತದೆ.

ಇದರ ಮೊದಲ ಸಾಗರ ಪರೀಕ್ಷೆ 1959ರಲ್ಲಿ ನಡೆಯಿತು. ಎರಡನೆಯ ಮಹಾಯುದ್ಧದ ಕಾಲದ ಸರಕು ಹಡಗೊಂದನ್ನು ಮಾರ್ಪಡಿಸಿ ‘ಮೀಥೇನ್ ಪಯನಿಯರ್’ ಎಂದು ಹೆಸರಿಟ್ಟರು. ಜನವರಿ ಕೊನೆಯಲ್ಲಿ ಅದು ಅಮೆರಿಕದ ಲೂಸಿಯಾನಾದಿಂದ ಹೊರಟು ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಕ್ಯಾನ್ವಿ ದ್ವೀಪ ಮುಟ್ಟಿತು. ಹೊತ್ತಿದ್ದು 5,000 ಘನ ಮೀಟರ್ ದ್ರವ. ಇಂದಿನ ಸಾಧಾರಣ ಎಲ್‌ಎನ್‌ಜಿ ಹಡಗು 1,74,000 ಘನ ಮೀಟರ್ ಹೊರುತ್ತದೆ. ಬೆಚ್ಚಗಾಗಿಸಿ ಅನಿಲ ಮಾಡಿದರೆ ಅದು ಸುಮಾರು 10 ಕೋಟಿ ಘನ ಮೀಟರ್. 1964ರಲ್ಲಿ ಅಲ್ಜೀರಿಯಾದಿಂದ ಬ್ರಿಟನ್ನಿಗೆ, 1969ರಲ್ಲಿ ಅಲಾಸ್ಕಾದಿಂದ ಜಪಾನಿಗೆ ನಿಯತ ವ್ಯಾಪಾರ ಶುರುವಾಯಿತು. ಯಾವ ನೆರೆಯ ದೇಶದಿಂದಲೂ ಕೊಳವೆ ಎಳೆಯಲಾಗದ ಜಪಾನ್ ಈ ಹಡಗುಗಳನ್ನೇ ನಂಬಿ ಬೆಳೆಯಿತು.

ಹಡಗಿನ ದೊಡ್ಡ ಗುಣವೆಂದರೆ ಚುಕ್ಕಾಣಿ. ನೆಲದಲ್ಲಿ ಹೂತ ಕೊಳವೆಯನ್ನು ತಿರುಗಿಸಲಾಗದು, ಹಡಗನ್ನು ನಡುಗಡಲಿನಲ್ಲೂ ತಿರುಗಿಸಬಹುದು. ಈ ಅನುಕೂಲವೇ ಕೆಲವರಿಗೆ ಸಂಕಟವೂ ಆಗುವುದನ್ನು ಮುಂದೆ ನೋಡಬಹುದು.

ಕ್ಲೈಪೆಡಾಗೆ ಬಂದ ಹಡಗು

ಬಾಲ್ಟಿಕ್ ಕಡಲಂಚಿನ ಪುಟ್ಟ ದೇಶ ಲಿಥುವೇನಿಯಾ. 2014ರವರೆಗೆ ಅದರ ಅಷ್ಟೂ ಅನಿಲ ರಷ್ಯಾದಿಂದಲೇ, ಬೆಲಾರೂಸ್ ಮೂಲಕ ಬರುವ ಕೊಳವೆಯಲ್ಲೇ ಬರುತ್ತಿತ್ತು. ಊರಿಗೆ ಒಂದೇ ಅಂಗಡಿಯಿದ್ದರೆ ಅಂಗಡಿಯವನು ಹೇಳಿದ್ದೇ ಬೆಲೆ. ಯುರೋಪಿನಲ್ಲಿ ಅನಿಲಕ್ಕೆ ಅತಿ ಹೆಚ್ಚು ಹಣ ತೆರುತ್ತಿದ್ದ ದೇಶಗಳಲ್ಲಿ ಅದೂ ಒಂದು.

ದಡದಲ್ಲಿ ಎಲ್‌ಎನ್‌ಜಿ ನಿಲ್ದಾಣ ಕಟ್ಟಲು ಹಣವೂ ಕಾಲವೂ ಬಹಳ ಬೇಕು. ಲಿಥುವೇನಿಯಾ ಬೇರೆ ದಾರಿ ಹಿಡಿಯಿತು: ತೇಲುವ ನಿಲ್ದಾಣ. ಇದು ನಿಲ್ದಾಣದ ಕೆಲಸವನ್ನೆಲ್ಲ ಮಾಡುವ ದೊಡ್ಡ ಹಡಗು. ಬೇರೆ ಹಡಗು ಪಕ್ಕಕ್ಕೆ ಬಂದು ನಿಂತು ಶೀತದ್ರವವನ್ನು ಇದರ ತೊಟ್ಟಿಗೆ ಇಳಿಸುತ್ತದೆ. ತೇಲುವ ನಿಲ್ದಾಣ ಸಮುದ್ರದ ನೀರಿನ ಸಹಜ ಬಿಸಿಯನ್ನು ಬಳಸಿ ಆ ದ್ರವವನ್ನು ಮತ್ತೆ ಅನಿಲ ಮಾಡುತ್ತದೆ, ದಡದ ಕೊಳವೆಗೆ ಒತ್ತುತ್ತದೆ. ಸೊನ್ನೆಗಿಂತ 162 ಡಿಗ್ರಿ ಕೆಳಗಿರುವ ದ್ರವಕ್ಕೆ ಕೊರೆಯುವ ಕಡಲ ನೀರೂ ಬಿಸಿನೀರೇ.

2014ರ ಅಕ್ಟೋಬರ್ 27ರಂದು ದಕ್ಷಿಣ ಕೊರಿಯಾದಲ್ಲಿ ಕಟ್ಟಿದ, ನಾರ್ವೆಯ ಕಂಪನಿಯಿಂದ ಬಾಡಿಗೆಗೆ ಪಡೆದ ಅಂಥ ಹಡಗು ಕ್ಲೈಪೆಡಾ ಬಂದರು ಸೇರಿತು. ಅದರ ಹೆಸರು ‘ಇಂಡಿಪೆಂಡೆನ್ಸ್’, ಸ್ವಾತಂತ್ರ್ಯ ಎಂದರ್ಥ. ಹಡಗು ಬರುವುದು ಖಚಿತವಾಗುತ್ತಲೇ, ಅದೇ ವರ್ಷದ ಮೇ ತಿಂಗಳಲ್ಲಿ, ರಷ್ಯಾದ ಕಂಪನಿ ಬೆಲೆಯನ್ನು ಸುಮಾರು ಐದನೆಯ ಒಂದು ಭಾಗ ಇಳಿಸಿತ್ತು. ಎರಡನೆಯ ಅಂಗಡಿ ತೆರೆಯುವ ಮೊದಲೇ ಮೊದಲ ಅಂಗಡಿಯ ದರ ಇಳಿದಂತೆ. ಪರ್ಯಾಯ ದಾರಿಯ ಬೆಲೆಯನ್ನು ಅದರಲ್ಲಿ ಹರಿದ ಅನಿಲದಿಂದ ಮಾತ್ರ ಅಳೆಯಲಾಗದು ಎಂಬುದಕ್ಕೆ ಇಷ್ಟು ಸ್ಪಷ್ಟ ಸಾಕ್ಷಿ ಸಿಗುವುದು ಕಷ್ಟ. 2022ರ ಏಪ್ರಿಲಿನಲ್ಲಿ ಯುರೋಪಿಯನ್ ಒಕ್ಕೂಟದ ದೇಶಗಳ ಪೈಕಿ ಎಲ್ಲಕ್ಕಿಂತ ಮೊದಲು ರಷ್ಯಾದ ಅನಿಲವನ್ನು ಪೂರ್ತಿಯಾಗಿ ಬಿಟ್ಟದ್ದು ಇದೇ ಪುಟ್ಟ ದೇಶ. ಮರು ತಿಂಗಳು ಪೋಲೆಂಡಿಗೂ ಅದಕ್ಕೂ ನಡುವೆ ಕೂಡುಕೊಳವೆ ತೆರೆಯಿತು.

ಹಗೇವಿನ ಕೀಲಿಕೈ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಸುಗ್ಗಿಯಲ್ಲಿ ತುಂಬಿದ್ದು ಬರದ ದಿನಕ್ಕೆ ಆಗುತ್ತಿತ್ತು. ಅನಿಲದ ಉಗ್ರಾಣವೂ ಹೀಗೆಯೇ ನೆಲದೊಳಗಿನದು. ಬೇಸಗೆಯಲ್ಲಿ ತುಂಬಿಸಿ, ಮನೆ ಬೆಚ್ಚಗಿಡಬೇಕಾದ ಚಳಿಗಾಲದಲ್ಲಿ ತೆಗೆಯುತ್ತಾರೆ.

ತೈಲಕ್ಕಾದರೆ ಇದು ಸುಲಭ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ಗುಹೆಗಳು 25 ಲಕ್ಷ ಟನ್, ಮಂಗಳೂರಿನವು 15 ಲಕ್ಷ ಟನ್ ಕಚ್ಚಾ ತೈಲ ಹಿಡಿಯುತ್ತವೆ. ಮಂಗಳೂರಿನ ಗುಹೆಯಲ್ಲಿ 2018ರಿಂದ ಅಬುಧಾಬಿಯ ತೈಲ ಕಂಪನಿಯ ದಾಸ್ತಾನೂ ಇದೆ. ಮಿತ್ರ ದೇಶವೊಂದು ಸರಕನ್ನು ಕೊಳ್ಳುವವನ ಹಿತ್ತಲಿನಲ್ಲೇ ಇಡುವ ಏರ್ಪಾಡು ಇದು. 1974ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಸದಸ್ಯ ರಾಷ್ಟ್ರಗಳು 90 ದಿನಗಳ ಆಮದಿನಷ್ಟು ತೈಲವನ್ನು ಸಂಗ್ರಹದಲ್ಲಿಡಬೇಕೆಂಬ ಕಟ್ಟಳೆ ಇದೆ. ಅನಿಲಕ್ಕೆ ಅಂಥ ಕಟ್ಟಳೆ ಇರಲಿಲ್ಲ, ಏಕೆಂದರೆ ಅಗಾಧ ಪ್ರಮಾಣದ ಅನಿಲವನ್ನು ಹಿಡಿದಿಡಲು ಭೂಮಿಯೇ ಒಪ್ಪಬೇಕು. ಬರಿದಾದ ಹಳೆಯ ಅನಿಲ ನಿಕ್ಷೇಪದ ಮರಳುಗಲ್ಲಿನ ಸೂಕ್ಷ್ಮ ರಂಧ್ರಗಳು ಅಥವಾ ಉಪ್ಪಿನ ಪದರವನ್ನು ನೀರಿನಿಂದ ಕರಗಿಸಿ ಮಾಡಿದ ಗುಹೆಗಳು ಬೇಕು.

ಈ ಹಗೇವಿಗೆ ಒಂದು ವಿಶೇಷ ಗುಣವಿದೆ. ಚೆನ್ನಾಗಿ ಗಾಳಿ ತುಂಬಿದ ಸೈಕಲ್ ಟ್ಯೂಬಿನ ಮುಚ್ಚಳ ತೆಗೆದರೆ ಗಾಳಿ ಬುಸ್ಸೆಂದು ನುಗ್ಗುತ್ತದೆ, ಬರಬರುತ್ತಾ ಸೊರಗುತ್ತದೆ. ಅನಿಲದ ಉಗ್ರಾಣವೂ ತುಂಬಿದ್ದಾಗ ವೇಗವಾಗಿ ಕೊಡುತ್ತದೆ, ಖಾಲಿಯಾದಂತೆ ನಿಧಾನಿಸುತ್ತದೆ. ತಳದಲ್ಲಿ ಒತ್ತಡಕ್ಕೆಂದೇ ಒಂದಷ್ಟು ಅನಿಲವನ್ನು ತೆಗೆಯದೆ ಬಿಡಬೇಕು. ಹೀಗಾಗಿ ಫೆಬ್ರುವರಿಯ ಕೊನೆಯ ಚಳಿಯನ್ನು ದಾಟಬೇಕಾದರೆ ನವೆಂಬರಿನಲ್ಲಿ ಉಗ್ರಾಣ ತುಂಬಿರಲೇಬೇಕು.

2021ರ ಶರತ್ಕಾಲದಲ್ಲಿ ಜರ್ಮನಿಯ ರೇಡನ್ ಎಂಬಲ್ಲಿನ, ಪಶ್ಚಿಮ ಯುರೋಪಿನ ಅತಿ ದೊಡ್ಡ ಉಗ್ರಾಣಗಳಲ್ಲೊಂದು ಬಹುಮಟ್ಟಿಗೆ ಖಾಲಿಯಿತ್ತು. ಅದರ ಒಡೆತನ ರಷ್ಯಾದ ಅನಿಲ ಕಂಪನಿಯ ಅಂಗಸಂಸ್ಥೆಯದಾಗಿತ್ತು. ಮಾರುವವನ ಕೈಯಲ್ಲೇ ಕೊಳ್ಳುವವನ ಹಗೇವಿನ ಕೀಲಿಕೈಯೂ ಇದ್ದಂತೆ. ಮುಂದಿನ ಏಪ್ರಿಲಿನಲ್ಲಿ ಜರ್ಮನ್ ಸರ್ಕಾರ ಆ ಸಂಸ್ಥೆಯನ್ನು ತನ್ನ ಉಸ್ತುವಾರಿಗೆ ತೆಗೆದುಕೊಂಡಿತು.

2022ರ ಪರೀಕ್ಷೆ

2021ರಲ್ಲಿ ಯುರೋಪಿಯನ್ ಒಕ್ಕೂಟ ರಷ್ಯಾದಿಂದ ತಂದ ಅನಿಲ ಸುಮಾರು 15,500 ಕೋಟಿ ಘನ ಮೀಟರ್, ಬಳಕೆಯ ಹೆಚ್ಚುಕಡಿಮೆ 40%. 2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು. ಏಪ್ರಿಲ್ 27ರಂದು ಪೋಲೆಂಡ್ ಮತ್ತು ಬಲ್ಗೇರಿಯಾಗಳಿಗೆ ಅನಿಲ ನಿಂತಿತು. ಆಗಸ್ಟ್ ಕೊನೆಗೆ ಬಾಲ್ಟಿಕ್ ಕಡಲಡಿಯ ನಾರ್ಡ್ ಸ್ಟ್ರೀಮ್ ಕೊಳವೆಯ ಹರಿವು ನಿಂತಿತು, ಸೆಪ್ಟೆಂಬರ್ 26ರಂದು ಆ ಕೊಳವೆಗಳೇ ಸ್ಫೋಟದಲ್ಲಿ ಒಡೆದವು. ಅನೇಕ ವರ್ಷ 20 ಯೂರೊ ಆಸುಪಾಸಿನಲ್ಲಿದ್ದ ಒಂದು ಮೆಗಾವಾಟ್-ಗಂಟೆ ಅನಿಲದ ಸಗಟು ಬೆಲೆ ಆ ಆಗಸ್ಟಿನಲ್ಲಿ 300 ಯೂರೊ ದಾಟಿತು.

ಕೊರತೆಯನ್ನು ಯಾವ ಒಂದು ದೇಶವೂ ಒಂಟಿಯಾಗಿ ತುಂಬಲಿಲ್ಲ. ಮಾರ್ಚ್ 25ರಂದು ಅಮೆರಿಕ ಮತ್ತು ಯುರೋಪಿಯನ್ ಒಕ್ಕೂಟ ಆ ವರ್ಷ 1,500 ಕೋಟಿ ಘನ ಮೀಟರ್ ಹೆಚ್ಚುವರಿ ಎಲ್‌ಎನ್‌ಜಿ ಒದಗಿಸುವ ಗುರಿಯನ್ನು ಪ್ರಕಟಿಸಿದವು. ಇದು ಸುಮಾರು 150 ಹಡಗುಗಳ ಸರಕು. ವರ್ಷದ ಕೊನೆಗೆ ಅಮೆರಿಕದಿಂದ ಬಂದದ್ದು ಅದಕ್ಕೂ ಹೆಚ್ಚು: 2021ರ 2,200 ಕೋಟಿ ಘನ ಮೀಟರ್ ಒಂದೇ ವರ್ಷದಲ್ಲಿ ಸುಮಾರು 5,600 ಕೋಟಿಗೆ ಏರಿತು. ನಾರ್ವೆ ಉತ್ಪಾದನೆ ಹೆಚ್ಚಿಸಿತು. ನಾರ್ವೆಯ ಅನಿಲವನ್ನು ಡೆನ್ಮಾರ್ಕ್ ಮೂಲಕ ಪೋಲೆಂಡಿಗೆ ತರುವ ಬಾಲ್ಟಿಕ್ ಪೈಪ್ ಸೆಪ್ಟೆಂಬರ್ 27ರಂದು ತೆರೆಯಿತು. 2009ರಲ್ಲಿ ನಡುಗಿದ್ದ ಬಲ್ಗೇರಿಯಾಗೆ ಗ್ರೀಸಿನಿಂದ ಬರುವ ಹೊಸ ಕೊಳವೆ ಅಕ್ಟೋಬರ್ 1ರಂದು ಕೆಲಸ ಆರಂಭಿಸಿತು. ಒಂದೂ ಎಲ್‌ಎನ್‌ಜಿ ನಿಲ್ದಾಣವಿಲ್ಲದಿದ್ದ ಜರ್ಮನಿ, ವಿಲ್ಹೆಲ್ಮ್ಸ್‌ಹಾಫೆನ್ ಬಂದರಿನಲ್ಲಿ ವರ್ಷದೊಳಗೇ ತೇಲುವ ನಿಲ್ದಾಣವನ್ನು ಸಜ್ಜು ಮಾಡಿ ಡಿಸೆಂಬರ್ 17ರಂದು ಉದ್ಘಾಟಿಸಿತು.

ಉಗ್ರಾಣಗಳಿಗೂ ಕಟ್ಟಳೆ ಬಂತು: 2022ರ ನವೆಂಬರ್ 1ರ ವೇಳೆಗೆ 80%, ಮುಂದಿನ ವರ್ಷಗಳಲ್ಲಿ 90% ತುಂಬಿರಬೇಕಿತ್ತು. ಆ ನವೆಂಬರಿನಲ್ಲಿ ಅವು ಸುಮಾರು 95% ತುಂಬಿದ್ದವು. ಎಲ್ಲಕ್ಕಿಂತ ದೊಡ್ಡ ಹೊಸ ‘ಬಾವಿ’ ಮಾತ್ರ ಜನರ ಮನೆಗಳಲ್ಲೂ ಕಾರ್ಖಾನೆಗಳಲ್ಲೂ ಸಿಕ್ಕಿತು. ಬಳಕೆಯನ್ನು 15% ಇಳಿಸುವ ಗುರಿ ಇಟ್ಟುಕೊಂಡಿದ್ದ ಒಕ್ಕೂಟ ಆ ಆಗಸ್ಟಿನಿಂದ ಮಾರ್ಚಿನವರೆಗೆ ಸುಮಾರು 18% ಇಳಿಸಿತು. ಉಳಿಸಿದ ಅನಿಲಕ್ಕೆ ಕೊಳವೆಯೂ ಬೇಡ, ಹಡಗೂ ಬೇಡ. ಆದರೆ ಅದರ ಹಿಂದೆ ಮುಚ್ಚಿದ ಗೊಬ್ಬರ ಕಾರ್ಖಾನೆಗಳೂ ಬಿಲ್ಲಿಗೆ ಹೆದರಿ ಚಳಿ ಸಹಿಸಿದ ಬಡ ಕುಟುಂಬಗಳೂ ಇದ್ದವು.

ಕೂಡಿದ ಕೆರೆಗಳ ತತ್ವ

ಇಷ್ಟೂ ಘಟನೆಗಳ ಹಿಂದಿರುವ ಯಂತ್ರ ಒಂದೇ. ಒಂದೊಂದು ದೇಶ ಒಂದೊಂದು ಕೆರೆ ಎಂದುಕೊಂಡರೆ, ಪ್ರತಿ ಕೆರೆಗೂ ಒಂದೇ ಕಾಲುವೆ ಇದ್ದಾಗ ಕಾಲುವೆಯ ತೂಬು ಹಿಡಿದವನೇ ಒಡೆಯ. ಕೆರೆಗಳನ್ನು ಎರಡೂ ದಿಕ್ಕಿಗೆ ನೀರು ಹರಿಯುವಂತೆ ಕೂಡಿಸಿದರೆ ಯಾವ ಕೆರೆಗೆ ಎಲ್ಲಿಂದ ನೀರು ಬಂದರೂ ಎಲ್ಲದರ ಮಟ್ಟ ಏರುತ್ತದೆ. ನಾರ್ವೆಯ ಅನಿಲ ಪೋಲೆಂಡಿಗೆ ಬಂದರೆ ಲಿಥುವೇನಿಯಾಗೂ ಆಸರೆ. ಇಲ್ಲಿ ಮೂರು ಅಂಗಗಳು ಒಟ್ಟಿಗೆ ಇರಬೇಕು: ಒಂದಕ್ಕಿಂತ ಹೆಚ್ಚು ಒಳದಾರಿ, ತುಂಬಿದ ಉಗ್ರಾಣ, ಎರಡೂ ಕಡೆಗೆ ಹರಿಯುವ ಕೂಡುಕೊಳವೆ. ಒಂದು ಇಲ್ಲದಿದ್ದರೂ ಉಳಿದೆರಡು ಸೊರಗುತ್ತವೆ.

ಸ್ಪೇನ್ ಇದಕ್ಕೆ ಉದಾಹರಣೆ. ಒಕ್ಕೂಟದ ಎಲ್‌ಎನ್‌ಜಿ ಇಳಿಸುವ ಸಾಮರ್ಥ್ಯದ ಸುಮಾರು ಮೂರನೆಯ ಒಂದು ಭಾಗ 2022ರಲ್ಲಿ ಅಲ್ಲಿತ್ತು. ಆದರೆ ಪಿರೆನೀಸ್ ಬೆಟ್ಟಸಾಲು ದಾಟಿ ಫ್ರಾನ್ಸಿಗೆ ಹೋಗುವ ಕೊಳವೆಗಳು ಸಣ್ಣವು. ದೊಡ್ಡ ಕೆರೆಗೆ ಕಿರಿದಾದ ತೂಬು ಇದ್ದಂತೆ, ಸ್ಪೇನಿನ ಸಾಮರ್ಥ್ಯ ಜರ್ಮನಿಯ ನೆರವಿಗೆ ಅಷ್ಟಾಗಿ ಒದಗಲಿಲ್ಲ.

ಫ್ರಾನ್ಸ್ ಮತ್ತು ಜರ್ಮನಿಯ ನಡುವಿನ ಅಡ್ಡಿ ಇನ್ನೂ ಸೂಕ್ಷ್ಮವಾದದ್ದು: ವಾಸನೆ. ನೈಸರ್ಗಿಕ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ಗೊತ್ತಾಗಲೆಂದು ಗಂಧಕದ ದುರ್ವಾಸನೆಯ ವಸ್ತುವನ್ನು ಬೆರೆಸುತ್ತಾರೆ. ಫ್ರಾನ್ಸ್ ಅದನ್ನು ಹೆದ್ದಾರಿಯಂಥ ದೊಡ್ಡ ಕೊಳವೆಗಳಲ್ಲೇ ಬೆರೆಸುತ್ತದೆ, ಜರ್ಮನಿ ಊರಿನ ಬೀದಿ ಕೊಳವೆಗಳಿಗೆ ಬಂದಾಗ ಬೆರೆಸುತ್ತದೆ. ಆ ಕಾರಣದಿಂದ ಫ್ರಾನ್ಸಿನ ಅನಿಲವನ್ನು ಜರ್ಮನಿಯ ಜಾಲ ನೇರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ತಾಂತ್ರಿಕ ಹೊಂದಾಣಿಕೆ ಮಾಡಿಕೊಂಡು 2022ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಆ ದಿಕ್ಕಿನಲ್ಲಿ ಅನಿಲ ಹರಿಸಲಾಯಿತು. ದಶಕಗಳ ಸ್ನೇಹವಿದ್ದ ಎರಡು ದೇಶಗಳ ನಡುವೆಯೂ ಸಹಾಯ ಸಾಗಲು ಕವಾಟ, ಮೀಟರು, ವಾಸನೆಯ ಮಟ್ಟದವರೆಗಿನ ಸಿದ್ಧತೆ ಬೇಕಾಗುತ್ತದೆ.

ಕೊರತೆ ಬಂದಾಗ ಹಂಚುವ ಕ್ರಮವನ್ನೂ ಮೊದಲೇ ಬರೆದಿಡಬೇಕು. 2017ರ ಒಕ್ಕೂಟದ ನಿಯಮದಂತೆ ತೀರ ಸಂಕಟಕ್ಕೆ ಸಿಕ್ಕ ನೆರೆಯ ದೇಶದ ಮನೆಗಳಿಗೆ, ಆಸ್ಪತ್ರೆಗಳಿಗೆ ಅನಿಲ ಒದಗಿಸಲು ಸದಸ್ಯ ದೇಶ ಅಗತ್ಯ ಬಿದ್ದರೆ ತನ್ನ ಕಾರ್ಖಾನೆಗಳ ಪೂರೈಕೆಯನ್ನೂ ಕಡಿತಗೊಳಿಸಬೇಕು. ನೆರವು ಪಡೆದವರು ಅದಕ್ಕೆ ನ್ಯಾಯವಾದ ಹಣ ಕೊಡಬೇಕು. ಇದರ ಅಡಿಯಲ್ಲಿ ಮೊದಲ ಒಪ್ಪಂದ 2020ರಲ್ಲಿ ಜರ್ಮನಿ ಮತ್ತು ಡೆನ್ಮಾರ್ಕ್ ನಡುವೆ ಆಯಿತು.

2025ರ ಜನವರಿ 1ರಂದು ಉಕ್ರೇನ್ ಮೂಲಕದ ರಷ್ಯಾ ಅನಿಲ ಸಾಗಣೆ ಒಪ್ಪಂದ ಮುಗಿದು ಹರಿವು ನಿಂತಿತು. 2009ರಲ್ಲಿ ನಿಂತಿದ್ದ ದಾರಿಯೇ ಅದು, ತಿಂಗಳೂ ಅದೇ ಜನವರಿ. ಆ ದಾರಿಯಲ್ಲಿ ಬರುತ್ತಿದ್ದ ಪ್ರಮಾಣ ಅಷ್ಟರಲ್ಲಿ ಬಹಳ ತಗ್ಗಿತ್ತು ನಿಜ. ಈ ಬಾರಿ ಸ್ಲೊವಾಕಿಯಾದ, ಆಸ್ಟ್ರಿಯಾದ ಮನೆಗಳು ಬೆಚ್ಚಗೇ ಇದ್ದವು. ಮಾಲ್ಡೋವಾದಿಂದ ಬೇರ್ಪಟ್ಟು ರಷ್ಯಾದ ಅನಿಲವೊಂದನ್ನೇ ನೆಚ್ಚಿದ್ದ ಟ್ರಾನ್ಸ್‌ನಿಸ್ಟ್ರಿಯಾದಲ್ಲಿ ಮಾತ್ರ ಮನೆಗಳ ಬಿಸಿ ಆರಿತು.

ಕೆಳಗಿನ ಕೆರೆಯ ಊರು

ಮೇಲಿನ ಊರುಗಳು ಕೂಡಿ ನೀರು ಹಿಡಿದುಕೊಂಡರೆ ಕೆಳಗಿನ ಕೆರೆಯ ಪಾಡೇನು? 2022ರಲ್ಲಿ ಜಗತ್ತಿನ ಎಲ್‌ಎನ್‌ಜಿ ಉತ್ಪಾದನೆ ದಿಢೀರನೆ ಹೆಚ್ಚಲಿಲ್ಲ. ಒಂದು ದ್ರವೀಕರಣ ಘಟಕ ಕಟ್ಟಲು ವರ್ಷಗಳೇ ಬೇಕು. ಯುರೋಪಿಗೆ ಹೆಚ್ಚು ಹಡಗು ಹೋದವೆಂದರೆ ಬೇರೆ ಯಾವುದೋ ಬಂದರಿಗೆ ಕಡಿಮೆ ಹೋದವೆಂದೇ ಅರ್ಥ. ತನ್ನ ಅಗತ್ಯಕ್ಕಿಂತ ಮಿಗುವ ಸರಕನ್ನು ಯುರೋಪಿಗೆ ತಿರುಗಿಸಲು ಜಪಾನ್ ಫೆಬ್ರುವರಿಯಲ್ಲೇ ಒಪ್ಪಿತ್ತು, ಅದು ಇದ್ದವರು ಕೊಟ್ಟ ನೆರವು. ಉಳಿದದ್ದು ಹರಾಜಿನ ಬಲ. ಆ ಜುಲೈನಲ್ಲಿ ಪಾಕಿಸ್ತಾನ ಎಲ್‌ಎನ್‌ಜಿಗಾಗಿ ಕರೆದ ದೊಡ್ಡ ಟೆಂಡರಿಗೆ ಒಬ್ಬ ಮಾರಾಟಗಾರನೂ ಬರಲಿಲ್ಲ. ಬಾಂಗ್ಲಾದೇಶ ದಿನದ ಬೆಲೆಯ ಎಲ್‌ಎನ್‌ಜಿ ಕೊಳ್ಳುವುದನ್ನು ನಿಲ್ಲಿಸಿ ಸರದಿಯ ಮೇಲೆ ವಿದ್ಯುತ್ ಕಡಿತ ಮಾಡಿತು.

ಭಾರತಕ್ಕೂ ಪೆಟ್ಟು ಬಿತ್ತು. ಭಾರತದ ಗೇಲ್ ಸಂಸ್ಥೆ 2012ರಲ್ಲಿ ರಷ್ಯಾದ ಅನಿಲ ಕಂಪನಿಯ ಸಿಂಗಪುರದ ಶಾಖೆಯೊಂದಿಗೆ ದೀರ್ಘಾವಧಿ ಒಪ್ಪಂದ ಮಾಡಿಕೊಂಡಿತ್ತು. ಯುದ್ಧ ಶುರುವಾದ ಮೇಲೆ ಆ ಶಾಖೆ ಜರ್ಮನ್ ಸರ್ಕಾರದ ಉಸ್ತುವಾರಿಗೆ ಬಂತು, ಭಾರತಕ್ಕೆ ಬರಬೇಕಿದ್ದ ಹಡಗುಗಳು ಬರಲಿಲ್ಲ. ಗೇಲ್ ತನ್ನ ಗಿರಾಕಿಗಳಿಗೆ, ಅವರಲ್ಲಿ ಗೊಬ್ಬರ ಕಾರ್ಖಾನೆಗಳಿಗೂ, ಪೂರೈಕೆಯನ್ನು ಕಡಿತ ಮಾಡಬೇಕಾಯಿತು. ಸಾವಿರಾರು ಮೈಲಿ ದೂರದ ಎರಡು ಪಕ್ಷಗಳ ಜಗಳದಲ್ಲಿ ಮೂರನೆಯವರ ಸರಕು ತಪ್ಪಿಹೋಯಿತು.

ಭಾರತ ಬಳಸುವ ಅನಿಲದಲ್ಲಿ ಸುಮಾರು ಅರ್ಧ ಎಲ್‌ಎನ್‌ಜಿಯಾಗಿ ಹಡಗಿನಲ್ಲೇ ಬರುತ್ತದೆ. ಅದರಲ್ಲಿ ಹಿರಿಯ ಪಾಲುಗಾರ ಕತಾರ್. 2004ರಲ್ಲಿ ಗುಜರಾತಿನ ದಹೇಜ್ ಬಂದರಿನಲ್ಲಿ ಶುರುವಾದ ಆ ನಂಟನ್ನು, ವರ್ಷಕ್ಕೆ 75 ಲಕ್ಷ ಟನ್ನಿನ ಒಪ್ಪಂದವಾಗಿ, 2024ರಲ್ಲಿ 2048ರವರೆಗೆ ಮುಂದುವರಿಸಲಾಗಿದೆ. ಆದರೆ ಕತಾರಿನ ಹಡಗುಗಳೆಲ್ಲ ಹೊರಬರುವುದು ಹಾರ್ಮುಜ್ ಜಲಸಂಧಿ ಎಂಬ ಒಂದೇ ಬಾಗಿಲಿನಿಂದ. ನೆಲದೊಳಗೆ ದೊಡ್ಡ ಅನಿಲದ ಹಗೇವೂ ಭಾರತಕ್ಕಿಲ್ಲ. ಕೂಡಿದ ಕೆರೆಗಳ ತತ್ವದ ಮೂರು ಅಂಗಗಳಲ್ಲಿ ಭಾರತದಲ್ಲಿ ಅತಿ ದುರ್ಬಲವಾಗಿರುವುದು ಇದೇ. ಕೊಳವೆಗಳ ಜಾಲ ಮಾತ್ರ ಬೆಳೆಯುತ್ತಿದೆ. ಮಹಾರಾಷ್ಟ್ರದ ದಾಭೋಲದಿಂದ ಬೆಂಗಳೂರಿಗೆ ಬರುವ ಕೊಳವೆ 2013ರಲ್ಲಿ ಸಿದ್ಧವಾಯಿತು. ಕೊಚ್ಚಿಯಿಂದ ಮಂಗಳೂರಿಗೆ ಬರುವ 450 ಕಿಲೊಮೀಟರಿನ ಕೊಳವೆ 2021ರ ಜನವರಿ 5ರಂದು ಉದ್ಘಾಟನೆಯಾಯಿತು.

ಆ ಕೊಳವೆಯ ಮಂಗಳೂರಿನ ತುದಿಯಲ್ಲಿ, ಪಣಂಬೂರಿನಲ್ಲಿ, ಯೂರಿಯಾ ಕಾರ್ಖಾನೆಯಿದೆ. ಹಿಂದೆ ನಾಫ್ತಾ ಎಂಬ ತೈಲೋತ್ಪನ್ನ ಬಳಸುತ್ತಿದ್ದ ಅದು ಈಗ ನೈಸರ್ಗಿಕ ಅನಿಲದಿಂದ ನಡೆಯುತ್ತದೆ. ಮೀಥೇನಿನಿಂದ ಜಲಜನಕ, ಜಲಜನಕ ಮತ್ತು ಗಾಳಿಯ ಸಾರಜನಕದಿಂದ ಅಮೋನಿಯಾ, ಅಮೋನಿಯಾದಿಂದ ಯೂರಿಯಾ. ಹೀಗೆ ಕಡಲಾಚೆಯ ಬಾವಿಯ ಅನಿಲ ಹಡಗು ಹತ್ತಿ, ಕೊಳವೆ ಇಳಿದು, ಬಿಳಿಯ ಕಾಳುಗಳಾಗಿ ರೈತರ ಗದ್ದೆ ಸೇರುತ್ತದೆ. ಹಡಗು ತಪ್ಪಿದರೆ ಅದರ ಬೆಲೆ ಕೊನೆಗೆ ಬಂದು ನಿಲ್ಲುವುದು ಗೊಬ್ಬರದ ಚೀಲದ ಮೇಲೆ, ಆ ಭಾರವನ್ನು ಸರ್ಕಾರದ ಸಬ್ಸಿಡಿಯೋ ರೈತನೋ ಹೊರಬೇಕು.